ಗರಡಿ ಮಾಲೀಸು, ಬಾಣಂತಿ ಎಣ್ಣಿ, ಮತ್ತ ನನ್ನ ಭುಜ

ಹೋದ ವಾರ ಬಾಜೂ ಮನಿ ಅಕ್ಕ ಡಾಕ್ಟರ ಚೀಟಿ ಹಿಡಕೊಂಡು ಬಂದಿದ್ಲು. ‘ಫಿಸಿಯೋಥೆರಪಿ, ಹತ್ತು ದಿನ’ ಅಂತ ಬರದಿತ್ತು. "ಅಲ್ಲಿ ಏನ ಮಾಡ್ತಾರವಾ? ಗಂಡಸರು ಮೈ ಮುಟ್ತಾರೇನ? ಸೀರಿ ಬಿಚ್ಚಬೇಕೇನ?" ಅಂತ ಮೆಲ್ಲಕ ಕೇಳಿದ್ಲು. ಇದೇ ಅಂಜಿಕಿ ಇಟಗೊಂಡು ನಾನೂ ಒಂದು ವರ್ಷ ಭುಜದ ಬ್ಯಾನಿ ನುಂಗೀನಿ. ಅದಕ್ಕ ಇವತ್ತ ಇದನ್ನ ಬರೀತೀನಿ.

ಮೈ ತಿಕ್ಕೂದು ನಮ್ಮ ಸೀಮಿಗೆ ಹೊಸಾದಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಾಗ ಬರೆಸಿದ ‘ಮಾನಸೋಲ್ಲಾಸ’ದಾಗ ಮಲ್ಲರ ಕುಸ್ತಿಗೇ ಒಂದು ಭಾಗ ಐತಿ, ಅರಸನ ಎಣ್ಣಿ ಸ್ನಾನದ ಸಂಗತೀನೂ ಐತಿ. ಮುಂದ ಆದಿಲಶಾಹಿ ಕಾಲಕ್ಕ ವಿಜಯಪುರದ ದರ್ಬಾರದಾಗ ಫಾರ್ಸಿ ನಡೀತಿತ್ತು. ನಾವು ಇವತ್ತಿಗೂ ಅನ್ನೂ ಪೈಲ್ವಾನ, ವಸ್ತಾದ, ಮಾಲೀಸು ಇವೆಲ್ಲಾ ಫಾರ್ಸಿ ಕಡಿಂದ ಬಂದ ಮಾತು.

ನನ್ನ ತವರು ತಿಕೋಟಾ. ಸಣ್ಣಾಕಿದ್ದಾಗ ಗರಡಿ ಮನಿ ಮುಂದ ಹಾದು ನೀರಿಗೆ ಹೋಗ್ತಿದ್ವಿ. ಒಳಗ ಹನುಮಪ್ಪನ ಫೋಟೋ, ಕೆಂಪು ಮಣ್ಣು, ಎಣ್ಣಿ ವಾಸನಿ. ಸಾಮು ಮುಗಿದ ಮ್ಯಾಲ ಹುಡುಗರು ಒಬ್ಬರಿಗೊಬ್ಬರು ಕಾಲು, ತೊಡಿ, ಬೆನ್ನು ತಿಕ್ಕತಿದ್ರು. ಸಂಕ್ರಮಣದ ಸಿದ್ಧೇಶ್ವರ ಜಾತ್ರಿ ಕುಸ್ತಿ ಬಂತಂದ್ರ ದಿನಾ ಎರಡು ಹೊತ್ತು ಮಾಲೀಸು. ಹೆಣ್ಮಕ್ಕಳು ಮಾತ್ರ ಹೊಸ್ತಿಲ ದಾಟೂಹಂಗಿರಲಿಲ್ಲ.

ನಮಗ ಮಾಲೀಸು ಸಿಗತಿದ್ದದ್ದು ಹಡದಾಗಷ್ಟ. ಎರಿಯಾಕಿ ಮುದುಕಿ ಬಂದು ಕೂಸನ್ನ ಚಾಚಿದ ಕಾಲ ಮ್ಯಾಲ ಮಲಗಿಸಿ ಎಣ್ಣಿ ಹಚ್ಚಿ ಎರೀತಿದ್ಲು. ಆಮ್ಯಾಲ ಬಾಣಂತಿ ಟೊಂಕ, ಬೆನ್ನು ತಿಕ್ಕಿ ಬಿಸಿನೀರು ಹಾಕತಿದ್ಲು. ಆಕಿ ಕೈಯಾಗಿನ ಸುಖ ಇನ್ನೂ ನೆನಪೈತಿ. ಬಾಣಂತನ ಮುಗಿದ ಮ್ಯಾಲ ನೀರು ಹೊತ್ತ, ರೊಟ್ಟಿ ಬಡದ ಮೈಯನ್ನ ಯಾರು ಕೇಳ್ತಾರ? ಪೈಲ್ವಾನಗ ದಿನಾ ಮಾಲೀಸು, ನಮಗ ಕೂಸಿನ ಲೆಕ್ಕದಾಗ.

ಹಿಂಗಾಗಿ ನನ್ನ ಬಲ ಭುಜ ಹಿಡದಾಗ ಯಾರ ಮುಂದೂ ಹೇಳಲಿಲ್ಲ. ಹೆಳ್ಳು ಹಾಕ್ಕೊಳ್ಳಾಕ ಕೈ ಏಳತಿರಲಿಲ್ಲ. ಕಡಿಗೆ ಗಂಡನ ಮನಿ ಬಬಲೇಶ್ವರಕ್ಕ ಹೋದಾಗ ಒಬ್ಬರ ಕಡೆ ಕೈ ಜಗ್ಗಿಸಿದ್ವಿ. ಅವರು ಏನೂ ಕೇಳಲಿಲ್ಲ, ಒಮ್ಮೆಲೇ ತಿರುವಿದ್ರು. ಮೂರು ರಾತ್ರಿ ನಿದ್ದಿ ಇಲ್ಲ. ಮಗಳು ಸಿಟ್ಟಾಗಿ ವಿಜಯಪುರದಾಗ ಡಾಕ್ಟರಿಗೆ ತೋರಿಸಿ ಫಿಸಿಯೋಥೆರಪಿಗೆ ಕರಕೊಂಡು ಹೋದ್ಲು.

ಅಲ್ಲಿದ್ದಾಕಿ ಮುಟ್ಟೂಕಿಂತ ಮೊದಲ ಅರ್ಧಾ ತಾಸು ಬರೇ ಕೇಳಿದ್ಲು. ಯಾವಾಗಿಂದ? ರಾತ್ರಿ ಹೆಚ್ಚೇನು? ಸಕ್ಕರಿ, ಬಿಪಿ ಐತೇನು? ರಕ್ತ ತೆಳು ಆಗೂ ಗುಳಗಿ ತಗೋತೀರೇನು? ನನಗ ಸಕ್ಕರಿ ಐತಿ. ಸಕ್ಕರಿ ಇದ್ದವರಿಗೆ ಭುಜ ಹಿಂಗ ಗಟ್ಟಿ ಆಗೂದು ಹೆಚ್ಚಂತ. ಸೀರಿ ಬಿಚ್ಚಬೇಕಾಗಲಿಲ್ಲ, ಭುಜದ ಮ್ಯಾಲಿನ ಸೆರಗಷ್ಟ ಸರಿಸಿದ್ರು. "ಇಲ್ಲಿ ಒತ್ತತೀನಿ, ನೋವಾದ್ರ ನಿಲ್ಲಸ್ತೀನಿ" ಅಂತ ಹೇಳೇ ಮುಟ್ಟಿದ್ಲು. ಎಲುಬು ಲಟಕ್ ಅನ್ನಲಿಲ್ಲ. ಕೀಲು ಸಾವಕಾಶ ಸರಿಸಿ, ಮನ್ಯಾಗ ಗ್ವಾಡಿ ಮ್ಯಾಲ ಬೆರಳು ಹತ್ತಿಸೂ ವ್ಯಾಯಾಮ ಕಲಿಸಿದ್ಲು. ಒಂದೆರಡು ದಿನ ಮೈ ಕೈ ನೊಂದದ್ದು ಖರೆ. ಗುಣ ಆಗಾಕ ತಿಂಗಳುಗಟ್ಟಲೆ ಹಿಡೀತು. ಹೆಚ್ಚಿಗಿ ಕೆಲಸ ಮಾಡಿದ್ದು ಆ ಗ್ವಾಡಿನ.

ಈ ವಿದ್ಯಾಕ್ಕೂ ನಾಚಿಕಿಯ ಇತಿಹಾಸ ಐತಿ. ಲಂಡನ್‌ದಾಗ ಮಾಲೀಸು ಅನ್ನೂ ಹೆಸರೇ ಕೆಟ್ಟಾಗ, 1894ರಾಗ ನಾಲ್ಕು ಮಂದಿ ಹೆಣ್ಮಕ್ಕಳು ಸೇರಿ ಕಲಿತ ಮಾಲೀಸುದಾರ್ತಿಯರ ಸಂಘ ಕಟ್ಟಿದ್ರು. ಡಾಕ್ಟರ ಹೇಳದ ಮಾಲೀಸು ಮಾಡಬಾರದು ಅಂತ ಕಟ್ಟುನಿಟ್ಟು ಇಟ್ರು. ಇವತ್ತಿನ ಬ್ರಿಟನ್ನಿನ ಫಿಸಿಯೋಥೆರಪಿ ಸಂಸ್ಥಾ ಅದೇ ಸಂಘದಿಂದ ಬೆಳದದ್ದು. ನಾವು ಅಂಜಿದ್ದನ್ನ ಹೆಣ್ಮಕ್ಕಳೇ ಮಾನದ ಕೆಲಸ ಮಾಡ್ಯಾರ.

ಈಗ ನಮ್ಮ ಜಿಲ್ಲಾ ಸೈಕಲ್ ಓಟಗಾರರಿಗೆ ಹೆಸರುವಾಸಿ. ಹುಡುಗ್ಯಾರೂ ಓಡಸ್ತಾರ. ಆಟಗಾರರ ಮಾಲೀಸು ಬ್ಯಾರೆ: ಓಟದ ಮೊದಲು ಚುರುಕಾಗಿ, ಹಗುರಾಗಿ; ಓಟ ಮುಗಿದ ಮ್ಯಾಲ ಪಾದದಿಂದ ಮ್ಯಾಲಕ್ಕ ಸಾವಕಾಶ. ಮರುದಿನದ ಮೈ ನೋವು ಸ್ವಲ್ಪ ಕಡಿಮಿ ಆಗತೈತಿ, ಜಾದೂ ಏನಿಲ್ಲ. ಗರಡಿ ಹೊಸ್ತಿಲ ದಾಟದ ನಮಗ ಇದನ್ನ ನೋಡಿದ್ರ ಸಂತೋಷ.

ಇಷ್ಟು ನೆನಪಿಡ್ರಿ. ಜ್ವರ ಇದ್ದಾಗ, ಪೆಟ್ಟು ಹೊಸಾದಿದ್ದಾಗ, ಎಲುಬು ಮುರದಿರಬೇಕು ಅನಸಿದಾಗ ಮಾಲೀಸು ಬ್ಯಾಡ. ಒಂದೇ ಮೀನಖಂಡ ಬಾತು ಬಿಸಿ ಆಗಿದ್ರ ತಿಕ್ಕಬ್ಯಾಡ್ರಿ, ಮೊದಲ ಡಾಕ್ಟರ ಕಡೆ ಹೋಗ್ರಿ. ಹೆಣ್ಮಕ್ಕಳೇ ಬೇಕು ಅಂತ ಕೇಳ್ರಿ, ಇಲ್ಲಾಂದ್ರ ಜೋಡಿಗೆ ಒಬ್ಬರನ್ನ ಕರಕೊಂಡು ಹೋಗ್ರಿ. ಏನೂ ಕೇಳದ ಕೈ ಹಚ್ಚಾವರ ಮುಂದಿಂದ ಎದ್ದು ಬರ್ರಿ.

ಅಕ್ಕ ಸೋಮವಾರ ಹೊಂಟಾಳ. ಮೊದಲನೇ ದಿನ ನಾನೂ ಜೋಡಿ ಹೊಂಟೀನಿ.