ಹೋಡ್ಲರ್‌ನ ‘ಮರ ಕಡಿಯುವವನು’

ಕೊಡಲಿ ಎತ್ತಿದ್ದಾನೆ, ಇನ್ನೂ ಬೀಸಿಲ್ಲ. ಸ್ವಿಟ್ಜರ್ಲೆಂಡಿನ ಕಲಾವಿದ ಫರ್ಡಿನಾಂಡ್ ಹೋಡ್ಲರ್ 1910ರಲ್ಲಿ ಬರೆದ ತೈಲಚಿತ್ರದಲ್ಲಿ ನಡೆಯುವುದು ಇಷ್ಟೇ. ಜರ್ಮನ್ ಭಾಷೆಯಲ್ಲಿ ಇದರ ಹೆಸರು ‘ಡೆರ್ ಹೋಲ್ಟ್ಸ್‌ಫೆಲ್ಲರ್’, ಅಂದರೆ ಮರ ಕಡಿಯುವವನು. ಹಳ್ಳಿಗಾಡಿನ ದುಡಿಮೆಯನ್ನು ಹಾಡಿ ಹೊಗಳಿದ ಸಾಂಕೇತಿಕ ಪಂಥದ ಚಿತ್ರಗಳಲ್ಲಿ ಇದಕ್ಕೆ ದೊಡ್ಡ ಹೆಸರಿದೆ.

ಹುಟ್ಟಿದ್ದು ನೋಟಿಗಾಗಿ

1907ರಲ್ಲಿ ವಹಿವಾಟು ಶುರುಮಾಡಿದ ಸ್ವಿಸ್ ನ್ಯಾಷನಲ್ ಬ್ಯಾಂಕಿಗೆ ಹೊಸ ನೋಟುಗಳು ಬೇಕಾಗಿದ್ದವು. ಚಿತ್ರ ಬರೆಯುವ ಕೆಲಸ ಹೋಡ್ಲರ್ ಮತ್ತು ಯುಜೀನ್ ಬರ್ನಾಂಡ್ ಎಂಬ ಇಬ್ಬರು ಕಲಾವಿದರ ಪಾಲಿಗೆ ಬಂತು. ಹೋಡ್ಲರ್ 50 ಫ್ರಾಂಕ್ ನೋಟಿಗೆ ಮರ ಕಡಿಯುವವನನ್ನೂ 100ರ ನೋಟಿಗೆ ಹುಲ್ಲು ಕೊಯ್ಯುವವನನ್ನೂ ಕೊಟ್ಟ. ಬರ್ನಾಂಡ್‌ನ 500ರ ನೋಟಿನಲ್ಲಿ ಕಸೂತಿ ಹಾಕುವ ಹೆಂಗಸರಿದ್ದರು, 1000ದ ನೋಟಿನಲ್ಲಿ ಲೋಹದ ಎರಕದ ಮನೆ. ನೋಟುಗಳು 1911ರಿಂದ ಹೊರಬಂದವು. ರಾಜರಿಲ್ಲದ ದೇಶ ತನ್ನ ಹಣದ ಮೇಲೆ ಕೂಲಿಯವರನ್ನು ಕೂರಿಸಿತು. ಆದರೆ ಆ ಕಾಲದಲ್ಲಿ 50 ಫ್ರಾಂಕ್ ಸಣ್ಣ ಮೊತ್ತವಲ್ಲ. ಕಾಡಿನಲ್ಲಿ ಸೌದೆ ಕಡಿಯುವವನ ಕೈಗೆ ತನ್ನದೇ ಚಿತ್ರವಿದ್ದ ನೋಟು ದಿನಾ ಸಿಗುತ್ತಿರಲಿಲ್ಲ.

ನೋಟಿನ ಅಂಗೈಯಗಲ ಹೋಡ್ಲರ್‌ಗೆ ಸಾಲಲಿಲ್ಲ. ಅದೇ ಆಕೃತಿಯನ್ನು ದೊಡ್ಡ ಕ್ಯಾನ್ವಾಸಿಗೆ ತಂದ, ಒಂದಲ್ಲ, ಹಲವು ಸಲ. ಹಾಗಾಗಿ ಈ ಚಿತ್ರದ ಮೂಲ ಪ್ರತಿ ಒಂದೇ ಅಲ್ಲ.

ಚಿತ್ರದ ಹತ್ತಿರ ನಿಂತರೆ

ಎರಡೂ ಕಾಲನ್ನು ಅಗಲಕ್ಕೆ ಊರಿದ್ದಾನೆ. ಸೊಂಟ ತಿರುಗಿದೆ, ತೋಳುಗಳು ನೀಳವಾಗಿ ಚಾಚಿವೆ, ಕೊಡಲಿ ಹಿಂದಕ್ಕೆ ಹೋಗಿ ಇನ್ನು ಹೋಗಲಾರದ ಕಡೆ ನಿಂತಿದೆ. ಪಾದದಿಂದ ಕೊಡಲಿಯವರೆಗೆ ಇಡೀ ದೇಹವೇ ಓರೆಯಾಗಿ ಎಳೆದ ಒಂದು ಗೆರೆ. ಸುತ್ತಲಿನ ಮರಗಳೋ ಕಂಬದಂತೆ ನೆಟ್ಟಗೆ, ತೆಳ್ಳಗೆ. ಅವುಗಳ ತುದಿ ಚೌಕಟ್ಟಿನಾಚೆ ಉಳಿದಿದೆ. ನೆಟ್ಟಗಿನ ಗೆರೆಗಳ ನಡುವೆ ಓರೆ ಗೆರೆ ಒಂದೇ ಇರುವುದರಿಂದ ಕಣ್ಣು ಬೇರೆಲ್ಲೂ ಹೋಗುವುದಿಲ್ಲ. ನೆಲದಲ್ಲಿ ಹಿಮ, ಮೇಲೆ ಬಿಳಿಚಿದ ಆಕಾಶ. ಮನೆಯಿಲ್ಲ, ದಾರಿಯಿಲ್ಲ, ಜೊತೆಗಾರನಿಲ್ಲ.

ಸೌದೆ ಒಡೆದು ಗೊತ್ತಿರುವವರು ಇಲ್ಲೊಂದು ತಕರಾರು ತೆಗೆಯಬಹುದು: ಇಷ್ಟು ಸಪೂರ ಮರಕ್ಕೆ ಇಷ್ಟು ದೊಡ್ಡ ಬೀಸು ಬೇಕೇ? ಬೇಡ. ಆದರೆ ಮರ ಇಲ್ಲಿ ನೆಪ ಮಾತ್ರ. ಹೋಡ್ಲರ್‌ಗೆ ಬೇಕಿದ್ದದ್ದು ಆ ಬೀಸು.

ಇದು ಸಾಂಕೇತಿಕ ಹೇಗೆ?

ಫ್ರಾನ್ಸಿನ ಮಿಲೆ 1857ರಲ್ಲಿ ಬರೆದ ಹಕ್ಕಲು ಆಯುವ ಹೆಂಗಸರ ಚಿತ್ರವನ್ನು ಪಕ್ಕದಲ್ಲಿಟ್ಟರೆ ಉತ್ತರ ಸಿಗುತ್ತದೆ. ಅಲ್ಲಿ ಬೆನ್ನು ಬಾಗಿದೆ, ಬಡತನ ಕಾಣುತ್ತದೆ, ದೂರದಲ್ಲಿ ಇನ್ನೊಬ್ಬರ ಸಮೃದ್ಧ ಸುಗ್ಗಿ ಸಾಗಿದೆ. ಅದು ವಾಸ್ತವವಾದ. ಹೋಡ್ಲರ್‌ನವನಿಗೆ ಊರಿಲ್ಲ, ದಣಿವಿಲ್ಲ, ಧಣಿಯೂ ಇಲ್ಲ. ಅವನು ಇಂಥವನೆಂದು ಗುರುತಿಸುವ ವ್ಯಕ್ತಿಯಲ್ಲ, ದುಡಿಮೆ ಎಂಬುದೇ ಮೈತಳೆದ ರೂಪ. ಕಣ್ಣಿಗೆ ಕಂಡದ್ದರ ಹಿಂದಿನ ಭಾವಕ್ಕೆ ಆಕಾರ ಕೊಡುವುದೇ ಸಾಂಕೇತಿಕ ಪಂಥದವರ ಹಂಬಲವಾಗಿತ್ತು. ಅವರಲ್ಲಿ ಹಲವರು ಅದಕ್ಕಾಗಿ ಕನಸು, ಪುರಾಣ, ಸಾವುಗಳ ಕಡೆ ಹೋದರು. ಹೋಡ್ಲರ್ ಇಲ್ಲಿ ಕೊಡಲಿಯ ಕಡೆ ಬಂದ.

ಒಂದೇ ಬಗೆಯ ಆಕಾರಗಳನ್ನು ಸಾಲಾಗಿ ಮರುಕಳಿಸಿ ಪ್ರಕೃತಿಯ ಲಯವನ್ನು ತೋರಿಸುವ ತನ್ನ ವಿಧಾನವನ್ನು ಅವನು ‘ಸಮಾಂತರತೆ’ ಎಂದು ಕರೆಯುತ್ತಿದ್ದ. ಹಿಂದಿನ ಮರಗಳ ಸಾಲಿನಲ್ಲಿ ಅದು ಇದೆ.

ಕಲಾವಿದನ ಹಿನ್ನೆಲೆ

ಹೋಡ್ಲರ್ 1853ರಲ್ಲಿ ಬರ್ನ್ ನಗರದಲ್ಲಿ ಬಡಗಿಯೊಬ್ಬನ ಮಗನಾಗಿ ಹುಟ್ಟಿದ. ತಂದೆ, ತಾಯಿ, ಒಡಹುಟ್ಟಿದವರನ್ನು ಕ್ಷಯ ಒಬ್ಬೊಬ್ಬರನ್ನಾಗಿ ಕೊಂಡೊಯ್ಯಿತು. ಹುಡುಗನಾಗಿದ್ದಾಗ ಥೂನ್ ಊರಿನಲ್ಲಿ ಪ್ರವಾಸಿಗರಿಗೆ ಮಾರುವ ಆಲ್ಪ್ಸ್ ದೃಶ್ಯಗಳನ್ನು ಬರೆಯುತ್ತ ಕೆಲಸ ಕಲಿತ. ಅವನ ‘ರಾತ್ರಿ’ ಎಂಬ ಚಿತ್ರವನ್ನು 1891ರಲ್ಲಿ ಜಿನೀವಾದ ಪ್ರದರ್ಶನದಿಂದ ಅಶ್ಲೀಲವೆಂದು ಹೊರಗಿಟ್ಟರು. ಹಾಗೆ ಹೊರಹಾಕಿಸಿಕೊಂಡವನಿಗೇ ಇಪ್ಪತ್ತು ವರ್ಷದೊಳಗೆ ದೇಶದ ನೋಟು ಬರೆಯುವ ಕರೆ ಬಂತು. 1918ರಲ್ಲಿ ಜಿನೀವಾದಲ್ಲಿ ತೀರಿಕೊಂಡ.

ಹುಲ್ಲು ಕೊಯ್ಯುವವನು

100ರ ನೋಟಿನವನು ಕೂತು ಅಥವಾ ಬಗ್ಗಿ ಕೊಯ್ಯುವುದಿಲ್ಲ. ನಮ್ಮ ಕುಡುಗೋಲಿನ ಹಾಗಲ್ಲದೆ, ಉದ್ದ ಹಿಡಿಯ ದೊಡ್ಡ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಬೀಸುತ್ತಾನೆ. ಚಿತ್ರ ಚೆನ್ನಾಗಿದೆ. ಆದರೆ ಕೊಡಲಿಯವನ ಬಿಗಿ ಇದಕ್ಕಿಲ್ಲ.

ಎಲ್ಲಿ ನೋಡಬಹುದು?

‘ಮರ ಕಡಿಯುವವನು’ ಬರ್ನ್‌ನ ಕಲಾ ಸಂಗ್ರಹಾಲಯದಲ್ಲಿದೆ. ಪ್ಯಾರಿಸ್‌ನ ಒರ್ಸೇ ಸಂಗ್ರಹಾಲಯದ ಸಂಗ್ರಹದಲ್ಲಿಯೂ ಒಂದು ಪ್ರತಿಯಿದೆ. ಮಿಲೆಯ ಹಕ್ಕಲು ಆಯುವ ಹೆಂಗಸರೂ ಇರುವುದು ಅದೇ ಒರ್ಸೇಯಲ್ಲಿ.