ಮೂಳೆ ಮತ್ತು ಸೆರಾಮಿಕ್ ಲೇಪ: ಕೃತಕ ಸೊಂಟದ ಕೀಲಿನ ಇತಿಹಾಸದ ಒಂದು ಘಟ್ಟ

ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ಪಾಲಿಎಥಿಲೀನ್ ಬಟ್ಟಲುಳ್ಳ ಕೃತಕ ಸೊಂಟದ ಕೀಲನ್ನು ಬಳಕೆಗೆ ತಂದಾಗ, ಅದನ್ನು ಮೂಳೆಯಲ್ಲಿ ಹಿಡಿದಿಟ್ಟದ್ದು ಅಕ್ರಿಲಿಕ್ ಸಿಮೆಂಟು. ಕೆಲವರಲ್ಲಿ ಕೀಲು ಸಡಿಲಗೊಂಡು ಸುತ್ತಲಿನ ಮೂಳೆ ಕರಗುವುದು ಕಂಡುಬಂದಾಗ ದೋಷವನ್ನು ಸಿಮೆಂಟಿಗೆ ಹೊರಿಸಲಾಯಿತು. 1987ರ ಹೊತ್ತಿಗೆ ‘ಸಿಮೆಂಟ್ ರೋಗ’ ಎಂಬ ಹೆಸರೂ ಹುಟ್ಟಿತು. ಪಾಲಿಎಥಿಲೀನ್ ಸವೆದು ಉದುರಿದ ಸೂಕ್ಷ್ಮಕಣಗಳನ್ನು ನುಂಗಿದ ಭಕ್ಷಕಕೋಶಗಳು ಮೂಳೆಯ ಕರಗುವಿಕೆಯನ್ನು ಪ್ರಚೋದಿಸುತ್ತವೆಂಬುದು ಕ್ರಮೇಣ ಸ್ಪಷ್ಟವಾಯಿತು. ಸಿಮೆಂಟು ಬಹುಮಟ್ಟಿಗೆ ನಿರಪರಾಧಿಯಾಗಿದ್ದರೂ ಅದರ ಮೇಲಣ ಸಂಶಯವೇ ಸಿಮೆಂಟುರಹಿತ ಜೋಡಣೆಯ ಶೋಧಕ್ಕೆ ಬಲ ನೀಡಿತೆಂಬುದು ಗಮನಾರ್ಹ.

ಬರಿಯ ಲೋಹವನ್ನು ಮೂಳೆಯಲ್ಲಿ ಕೂರಿಸಿದಾಗ, ಅದು ಅಲುಗಾಡಿದರೆ ಎರಡರ ನಡುವೆ ನಾರಿನಂಥ ಅಂಗಾಂಶದ ಪೊರೆ ಬೆಳೆಯುತ್ತದೆ. ಇದಕ್ಕೆ ಪರಿಹಾರವಾಗಿ ಒದಗಿದ್ದು, ಮೂಳೆಯ ಖನಿಜಾಂಶಕ್ಕೆ ಅತಿ ಸಮೀಪವಾದ ಕ್ಯಾಲ್ಸಿಯಂ ಫಾಸ್ಫೇಟ್ ಸೆರಾಮಿಕ್ ಆದ ಹೈಡ್ರಾಕ್ಸಿಅಪಟೈಟ್. ಇದನ್ನು ಪ್ಲಾಸ್ಮಾ ಜ್ವಾಲೆಯ ಮೂಲಕ ಲೋಹದ ಮೇಲೆ ತೆಳುವಾಗಿ ಸಿಂಪಡಿಸುತ್ತಾರೆ. ಲಂಡನ್ನಿನಲ್ಲಿ ರೊನಾಲ್ಡ್ ಫರ್ಲಾಂಗ್ 1985ರಲ್ಲಿಯೂ ನೆದರ್ಲೆಂಡ್ಸಿನಲ್ಲಿ ರುಡಾಲ್ಫ್ ಗೇಸಿಂಕ್ 1986ರಲ್ಲಿಯೂ ಇಂತಹ ಲೇಪವುಳ್ಳ ಕೀಲುಗಳನ್ನು ರೋಗಿಗಳಲ್ಲಿ ಅಳವಡಿಸಿದರು.

ಲೇಪವನ್ನು ಅಂಟಿನಂತೆ ಭಾವಿಸುವುದು ಸರಿಯಲ್ಲ. ದೇಹದ್ರವದಲ್ಲಿ ಅದು ಅಲ್ಪಸ್ವಲ್ಪ ಕರಗುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಮರಳಿ ಮೇಲ್ಮೈಯಲ್ಲಿ ಮೂಳೆಯ ಖನಿಜವನ್ನು ಹೋಲುವ ಪದರವಾಗಿ ನೆಲೆಗೊಳ್ಳುತ್ತವೆ. ಅದರ ಮೇಲೆ ಪ್ರೋಟೀನುಗಳು ಕೂಡುತ್ತವೆ, ಮೂಳೆ ಕಟ್ಟುವ ಕೋಶಗಳು ನಾರುಪೊರೆಯ ಅಡ್ಡಿಯಿಲ್ಲದೆ ನೇರವಾಗಿ ಹೊಸ ಮೂಳೆಯನ್ನಿಡುತ್ತವೆ. ಡೆನ್ಮಾರ್ಕಿನ ಕೆಲ್ಡ್ ಸೊಬಾಲೆ ನಾಯಿಗಳಲ್ಲಿ ನಡೆಸಿ 1990ರ ದಶಕದ ಆರಂಭದಲ್ಲಿ ಪ್ರಕಟಿಸಿದ ಪ್ರಯೋಗಗಳು ಇನ್ನೂ ಒಂದು ಹೆಜ್ಜೆ ಮುಂದುವರಿದವು: ಚಲನೆಯಿಂದ ಆಗಲೇ ಬೆಳೆದಿದ್ದ ನಾರುಪೊರೆಯ ಸ್ಥಾನದಲ್ಲಿ, ಲೇಪವಿದ್ದೆಡೆ ಮೂಳೆಯೇ ಬಂದು ನಿಂತಿತು. ಈ ಅಧ್ಯಾಯದ ಅತ್ಯಂತ ಮನಗಾಣಿಸುವ ಸಾಕ್ಷ್ಯ ಇದೇ ಎನ್ನಬಹುದು.

ಆದರೆ ಮೂಳೆ ತನ್ನನ್ನು ತಾನು ನಿರಂತರವಾಗಿ ಕೆಡವಿ ಕಟ್ಟಿಕೊಳ್ಳುವ ಅಂಗಾಂಶ. ಆ ಕ್ರಿಯೆಯಲ್ಲಿ ಲೇಪವೂ ವರ್ಷಗಳಲ್ಲಿ ಕ್ಷಯಿಸುತ್ತದೆ. ಆಗ ಮೂಳೆಗೆ ಆಸರೆ ಕೆಳಗಿನ ಲೋಹವೊಂದೇ. ತೊಡೆಮೂಳೆಯೊಳಗಿನ ಕಾಂಡದ ಆಕಾರವೂ ಒರಟು ಮೇಲ್ಮೈಯೂ ಆ ಭಾರವನ್ನು ಹೊರಬಲ್ಲವು. ನುಣುಪು ಲೋಹದ ಬಟ್ಟಲಿಗೆ ಅದು ಸಾಧ್ಯವಾಗಲಿಲ್ಲ. ಅಂಥವು ಹೆಚ್ಚಾಗಿ ಸಡಿಲಗೊಂಡವು. ಕಾಂಡದಲ್ಲಿ ದೊರೆತ ಯಶಸ್ಸನ್ನು ಪ್ರತ್ಯೇಕ ಪರೀಕ್ಷೆಯಿಲ್ಲದೆ ಬಟ್ಟಲಿಗೂ ವಿಸ್ತರಿಸಿದ್ದು ಆತುರದ ನಡೆಯೆಂದೇ ಹೇಳಬೇಕಾಗುತ್ತದೆ. ಸ್ವೀಡನ್ನಿನ ರಾಷ್ಟ್ರೀಯ ಕೀಲು ದಾಖಲೆಯನ್ನಾಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವು ಲೇಪಿತ ಬಟ್ಟಲುಗಳಲ್ಲಿ ಮರುಶಸ್ತ್ರಚಿಕಿತ್ಸೆಯ ಅಪಾಯ ಅಧಿಕವೆಂದು ತೋರಿಸಿತು. ಮರುವರ್ಷ ಒಂದು ಬಗೆಯ ಕಾಂಡವನ್ನು ಕುರಿತ ಅಧ್ಯಯನದಲ್ಲಿ ಲೇಪವಿದ್ದವಕ್ಕೂ ಇಲ್ಲದವಕ್ಕೂ ಬಾಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ.