ಗಣಕಯಂತ್ರದ ಬಿಸಿಯುಸಿರು

೨೦೨೫ರ ದೀಪಾವಳಿಯ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ಹೊಸ ಸದ್ದು ಹುಟ್ಟಿತು. ಪಟಾಕಿಯದಲ್ಲ, ಪಟಾಕಿಯ ಸದ್ದಾದರೂ ಮೂರು ದಿನಕ್ಕೆ ಮುಗಿಯುತ್ತದೆ. ಇದು ನನ್ನ ಎಂಟು ವರ್ಷದ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಫ್ಯಾನಿನದು. ಆ ತಿಂಗಳ ೧೪ರಂದು ವಿಂಡೋಸ್ ೧೦ಕ್ಕೆ ಸಾಮಾನ್ಯ ರಕ್ಷಣೆ ನಿಂತುಹೋಗಿತ್ತು. ಅದರ ಮುಂದಿನ ಆವೃತ್ತಿಯನ್ನು ಹೊರಲು ನನ್ನ ಯಂತ್ರಕ್ಕೆ ವಯಸ್ಸಿನ ಕಾರಣದಿಂದ ಅರ್ಹತೆಯಿಲ್ಲವೆಂದು ತೆರೆಯ ಮೇಲೆ ತೀರ್ಪು ಬಂದಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಹಬ್ಬಕ್ಕೆ ಬಂದಾಗ ಕನಿಕರದಿಂದ ಅದಕ್ಕೆ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಕೊಟ್ಟು ಹೋದ. ಅವನು ಬಸ್ಸು ಹತ್ತುವುದಕ್ಕೂ ಫ್ಯಾನು ಕೂಗತೊಡಗುವುದಕ್ಕೂ ಸರಿಹೋಯಿತು. "ಏನ್ರೀ, ಮನೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದೀರಾ?" ಎಂದು ನನ್ನ ಹೆಂಡತಿ ಒಳಗಿನಿಂದಲೇ ಕೇಳಿದಳು.

ಸದ್ದಿಗೇನೋ ಹೊಂದಿಕೊಳ್ಳಬಹುದಿತ್ತು. ಆದರೆ ಒಂದು ವಾರದಲ್ಲಿ ಮೂರು ಸಲ ಯಂತ್ರವು ಹೇಳದೆ ಕೇಳದೆ ತಾನಾಗಿಯೇ ಆರಿಹೋಯಿತು. ದಿವಂಗತರಾದ ನನ್ನ ಗುರುಗಳು ಶಾಸನಗಳಲ್ಲಿ ಬರುವ ತೆರಿಗೆಗಳ ಹೆಸರುಗಳನ್ನು, ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದುವನ್ನು, ಸಣ್ಣ ಸಣ್ಣ ಚೀಟಿಗಳಲ್ಲಿ ಬರೆದಿಟ್ಟಿದ್ದರು. ಆ ಚೀಟಿಗಳನ್ನು ನಾನು ಇದರಲ್ಲಿ ಬೆರಳಚ್ಚು ಮಾಡುತ್ತಿದ್ದೆ. ಮೂರನೆಯ ಸಲ ಆರಿದಾಗ ಒಂದು ಇಡೀ ಮಧ್ಯಾಹ್ನದ ಕೆಲಸ ಅದರೊಡನೆ ಹೋಯಿತು. ಪೇಟೆಯ ರಿಪೇರಿ ಅಂಗಡಿಯವನು ಮುಚ್ಚಳವನ್ನು ತೆರೆದೂ ನೋಡದೆ, "ಹೊಸದು ತಗೊಳ್ಳಿ ಸಾರ್, ಇದಕ್ಕೆ ದುಡ್ಡು ಹಾಕೋದು ದಂಡ" ಎಂದ. ಹೊಸದಕ್ಕೆ ನನ್ನಲ್ಲಿ ಆಗ ಹಣವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿನ್ನೆಯವರೆಗೆ ಸೌಮ್ಯವಾಗಿದ್ದ ಯಂತ್ರ ಒಂದು ರಾತ್ರಿಯಲ್ಲಿ ಏಕೆ ಮುದಿಯಾಯಿತೆಂಬುದು ತಿಳಿಯದೆ ಅದನ್ನು ಬಿಡಲು ಮನಸ್ಸು ಬರಲಿಲ್ಲ. ಸಾಹಿತ್ಯ ಚರಿತ್ರೆಯನ್ನು ಪಾಠ ಮಾಡುವವನು ರೋಗ ಬಂದಾಗಲೂ ಮೊದಲು ಚರಿತ್ರೆಯನ್ನೇ ಕೇಳುತ್ತಾನೆ. ಹೀಗೆ ಕೇಳಿಕೊಂಡು ಹೋದಾಗ ನನಗೆ ದೊರೆತದ್ದನ್ನು ಇಲ್ಲಿ ಬರೆದಿದ್ದೇನೆ.

ಗಣಕಯಂತ್ರ ಹುಟ್ಟುವಾಗಲೇ ಜ್ವರದೊಡನೆ ಹುಟ್ಟಿತು. ೧೯೪೬ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಲೋಕಕ್ಕೆ ಪ್ರಕಟವಾದ ಎನಿಯಾಕ್ ಯಂತ್ರದಲ್ಲಿ ಸುಮಾರು ೧೮,೦೦೦ ವಾಲ್ವುಗಳಿದ್ದವು. ನಮ್ಮ ಅಜ್ಜನ ಕಾಲದ ವಾಲ್ವ್ ರೇಡಿಯೋವನ್ನು ಕಂಡವರಿಗೆ ಅದರ ನೆತ್ತಿ ಹೇಗೆ ಬೆಚ್ಚಗಾಗುತ್ತಿತ್ತೆಂಬುದು ನೆನಪಿರಬಹುದು. ಅದರಲ್ಲಿ ಇರುತ್ತಿದ್ದುದು ಐದೋ ಆರೋ ವಾಲ್ವು. ಎನಿಯಾಕ್ ಉಣ್ಣುತ್ತಿದ್ದ ವಿದ್ಯುತ್ತು ಸುಮಾರು ೧೫೦ ಕಿಲೋವಾಟ್; ಉಂಡದ್ದೆಲ್ಲವೂ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಆದ್ದರಿಂದ ದೊಡ್ಡ ದೊಡ್ಡ ಊದುಯಂತ್ರಗಳನ್ನಿಟ್ಟು ಅದಕ್ಕೆ ಗಾಳಿ ಹಾಕುತ್ತಿದ್ದರು. ನಮ್ಮ ದೇಶದಲ್ಲಿ ೧೯೬೦ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿದ ಟಿಫ್ರಾಕ್ ಕೂಡ ವಾಲ್ವುಗಳ ಸಂತಾನವೇ. ಸುಮಾರು ೨,೭೦೦ ವಾಲ್ವುಗಳು. ೧೯೬೨ರಲ್ಲಿ ಅದಕ್ಕೆ ನಾಮಕರಣ ಮಾಡಿದವರು ಪಂಡಿತ ನೆಹರೂ ಅವರು.

ವಾಲ್ವು ಹೋಗಿ ಟ್ರಾನ್ಸಿಸ್ಟರು ಬಂದ ಮೇಲೆ ಬಿಸಿ ಹೋಗಬೇಕಾಗಿತ್ತು. ಹೋಗಲಿಲ್ಲ; ಮನುಷ್ಯನ ಆಸೆ ಅದನ್ನು ಹೋಗಗೊಡಲಿಲ್ಲ. ಒಂದು ಬಿಂದಿಗೆಯಲ್ಲಿ ಹಿಡಿಯುವಷ್ಟು ಜಾಗದಲ್ಲಿ ಸಾವಿರವನ್ನು ತುಂಬಿದರು, ಆಮೇಲೆ ಲಕ್ಷವನ್ನು ತುಂಬಿದರು. ೧೯೭೬ರಲ್ಲಿ ಬಂದ ಸೆಮೂರ್ ಕ್ರೇ ಅವರ ಮಹಾಗಣಕದ ಮೈಯಲ್ಲಿ ಫ್ರಿಯಾನ್ ಹರಿಯುವ ಕೊಳವೆಗಳೇ ನಾಡಿಗಳಂತಿದ್ದವು. ೧೯೮೫ರ ಕ್ರೇ-೨ ಯಂತ್ರವನ್ನಂತೂ ವಿದ್ಯುತ್ತು ಹರಿಯದ ಒಂದು ದ್ರವದಲ್ಲಿಯೇ ಮುಳುಗಿಸಿ ಇಟ್ಟರು.

ಇದಕ್ಕೆ ವಿರುದ್ಧವಾದ ಹಟವೂ ಒಂದಿತ್ತು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರಿಗೆ ಫ್ಯಾನಿನ ಸದ್ದೆಂದರೆ ಆಗದು. ೧೯೮೦ರಲ್ಲಿ ಹೊರಬಂದ ಆಪಲ್-೩ ಯಂತ್ರಕ್ಕೆ ಫ್ಯಾನು ಕೂಡದೆಂದು ಅವರು ಪಟ್ಟು ಹಿಡಿದರು. ಅದು ಕಾಯ್ದಾಗ ಒಳಗಿನ ಚಿಪ್ಪುಗಳು ತಮ್ಮ ಗೂಡಿನಿಂದ ಸಡಿಲವಾಗುತ್ತಿದ್ದವು. ಆಗ ಕಂಪನಿಯಿಂದಲೇ ಬಂದ ಪರಿಹಾರವೇನು ಗೊತ್ತೇ? ಯಂತ್ರವನ್ನು ಎರಡು ಮೂರು ಅಂಗುಲ ಮೇಲಕ್ಕೆತ್ತಿ ಮೇಜಿನ ಮೇಲೆ ಬಿಡುವುದು! ಚಿಪ್ಪುಗಳು ಕುಳಿತಲ್ಲಿ ಮತ್ತೆ ಕುಳಿತುಕೊಳ್ಳುತ್ತಿದ್ದವು. ನಮ್ಮ ಮನೆಯ ರೇಡಿಯೋ ಗೊರಗೊರ ಎಂದಾಗ ಅಪ್ಪ ಅದರ ತಲೆಯ ಮೇಲೊಂದು ಕೊಡುತ್ತಿದ್ದುದನ್ನು ನೆನೆದು ನನಗೆ ನಗು ಬಂತು. ಯಂತ್ರಶಾಸ್ತ್ರದ ಕೆಲವು ಸತ್ಯಗಳು ದೇಶಕಾಲಗಳಿಗೆ ಒಳಪಟ್ಟವಲ್ಲ. ೧೯೮೪ರ ಮೆಕಿಂಟಾಷ್‌ಗೂ ಫ್ಯಾನಿರಲಿಲ್ಲ. ೧೯೮೭ರಲ್ಲಿ, ಜಾಬ್ಸ್ ಕಂಪನಿ ಬಿಟ್ಟ ಮೇಲೆ, ಮೆಕಿಂಟಾಷ್ ಎಸ್‌ಇ ಎಂಬುದಕ್ಕೆ ಫ್ಯಾನು ಬಂತು. ೧೯೯೩ರಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ಪು ಬಂದಾಗ ಅದರ ಬಿಸಿ ಸುಮಾರು ೧೫ ವಾಟ್. ನಾವು 'ಜೀರೋ ಬಲ್ಬು' ಎಂದು ಕರೆದು ಮಲಗುವ ಕೋಣೆಯಲ್ಲಿ ಉರಿಸುತ್ತಿದ್ದ ಪುಟ್ಟ ದೀಪ ತಿನ್ನುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಬೆರಳುಗುರಿನಗಲದ ಜಾಗದಲ್ಲಿ ಉರಿಸಿದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಅಲ್ಲಿಂದಾಚೆಗೆ ಚಿಪ್ಪಿನ ನೆತ್ತಿಯ ಮೇಲೆ ಫ್ಯಾನು ಕೂರುವುದು ವಾಡಿಕೆಯಾಯಿತು.

ಇಲ್ಲಿಯವರೆಗಿನದು ಬಿಸಿಯ ಚರಿತ್ರೆ. ನನ್ನ ಯಂತ್ರದ ಗುಟ್ಟು ಅಡಗಿದ್ದುದು ಅಧಿಕಾರದ ಚರಿತ್ರೆಯಲ್ಲಿ. ಫ್ಯಾನನ್ನು ಯಾವಾಗ ತಿರುಗಿಸಬೇಕು, ಎಷ್ಟು ತಿರುಗಿಸಬೇಕು ಎಂದು ಅಪ್ಪಣೆ ಕೊಡುವವರು ಯಾರು?

ಹಿಂದಿನ ಮೈಸೂರು ಸೀಮೆಯ ಹಳ್ಳಿಯನ್ನು ನೆನೆದುಕೊಳ್ಳಿ. ಊರಿನ ಲೆಕ್ಕವೆಲ್ಲ ಶಾನುಭೋಗನ ಕಡತದಲ್ಲಿ, ತಾಲ್ಲೂಕಿಗೆ ಅಮಲ್ದಾರ. ಗಣಕದಲ್ಲಿ ಬಯೋಸ್ ಎಂದು ಕರೆಯುವ, ತಯಾರಕರೇ ಯಂತ್ರದೊಳಗೆ ಬರೆದಿಡುವ ಮೂಲ ತಂತ್ರಾಂಶವೇ ಆ ಶಾನುಭೋಗ. ವಿಂಡೋಸೋ ಲಿನಕ್ಸೋ ಆದ ಆಪರೇಟಿಂಗ್ ಸಿಸ್ಟಮ್ಮು ಅಮಲ್ದಾರ. ಇವರಿಬ್ಬರ ಕೆಳಗೆ ಫ್ಯಾನಿನ ಬಾಗಿಲಲ್ಲೇ ಕೂತಿರುವ ತಳವಾರನಂಥ ಒಂದು ಪುಟ್ಟ ಚಿಪ್ಪೂ ಉಂಟು. ೧೯೯೦ರಲ್ಲಿ ಇಂಟೆಲ್ ತನ್ನ ೩೮೬ಎಸ್‌ಎಲ್ ಎಂಬ ಚಿಪ್ಪಿನಲ್ಲಿ ಒಂದು ಗುಪ್ತ ಸ್ಥಿತಿಯನ್ನು ಏರ್ಪಡಿಸಿತು. ಅದರಲ್ಲಿ ಬಯೋಸ್ ನಡುವೆ ಎದ್ದು ತನ್ನ ಕೆಲಸ ಮಾಡಿಕೊಂಡು ಮಲಗಿದರೆ ಮೇಲಿನ ವ್ಯವಸ್ಥೆಗೆ ಅದರ ಸುಳಿವೇ ಸಿಗುತ್ತಿರಲಿಲ್ಲ. ೧೯೯೨ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ ಎಪಿಎಂ ಎಂಬ ಕಟ್ಟಳೆಯಲ್ಲೂ ವಿದ್ಯುತ್ತಿನ ಯಜಮಾನಿಕೆ ಬಹುಮಟ್ಟಿಗೆ ಶಾನುಭೋಗನದೇ. ಅಮಲ್ದಾರ ಯಾರು ಬಂದರೂ, ಯಾರು ವರ್ಗವಾಗಿ ಹೋದರೂ ಫ್ಯಾನಿಗೆ ಅದರ ಚಿಂತೆಯಿರಲಿಲ್ಲ.

೧೯೯೬ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು ಎಸಿಪಿಐ ಎಂಬ ಹೊಸ ಕಟ್ಟಳೆಯನ್ನು ಪ್ರಕಟಿಸಿದವು. ಇನ್ನು ಮುಂದೆ ತೀರ್ಮಾನ ಅಮಲ್ದಾರನದು. ಶಾನುಭೋಗನು ತನ್ನ ಕಡತವನ್ನು ಬರೆದು ಅವನ ಮುಂದಿಡಬೇಕು, ಅಷ್ಟೆ. ಇಷ್ಟು ಬಿಸಿಗೆ ಫ್ಯಾನು ಹಾಕು. ಇಷ್ಟಾದರೆ ಚಿಪ್ಪಿನ ವೇಗವನ್ನೇ ತಗ್ಗಿಸು. ಇನ್ನೂ ಏರಿದರೆ ಎಲ್ಲವನ್ನೂ ಆರಿಸಿಬಿಡು ಎಂದು ಕಡತದಲ್ಲಿ ಬರೆದಿರುತ್ತದೆ. ಅದರ ಅಂಕಿಗಳೂ ವಿಚಿತ್ರ: ಕೆಲ್ವಿನ್ ಮಾನದ ಹತ್ತನೆಯ ಒಂದು ಪಾಲಿನ ಲೆಕ್ಕ. ೩೫೩೨ ಎಂದು ಬರೆದಿದ್ದರೆ ನಮ್ಮ ೮೦ ಡಿಗ್ರಿ ಎಂದರ್ಥ. ಶಾಸನದ ಶಕವರ್ಷವನ್ನು ಕ್ರಿಸ್ತಶಕಕ್ಕೆ ತರುವಂತೆ ಇದನ್ನೂ ಕಳೆದು ಭಾಗಿಸಿ ತಿಳಿಯಬೇಕು.

ಏರ್ಪಾಡು ಒಳ್ಳೆಯದೇ. ಆದರೆ ಕಡತವನ್ನು ಬರೆದವರು ಅದನ್ನು ಯಾರಿಗೆ ಓದಿಸಿ ಒಪ್ಪಿಗೆ ಪಡೆಯುತ್ತಿದ್ದರು? ವಿಂಡೋಸಿಗೆ. ವಿಂಡೋಸ್ ತಪ್ಪಿಲ್ಲದೆ ಓದಿತೆಂದರೆ ಕೆಲಸ ಮುಗಿಯಿತು. ಲಿನಕ್ಸ್ ಅದೇ ಕಡತವನ್ನು ಅಕ್ಷರಶಃ ಓದಿ ಅಲ್ಲಲ್ಲಿ ಎಡವುತ್ತಿತ್ತು. ೧೯೯೯ರ ಜನವರಿಯಲ್ಲಿ ಬಿಲ್ ಗೇಟ್ಸ್ ಅವರು ತಮ್ಮವರಿಗೆ ಬರೆದ ಒಂದು ಇಮೇಲಿನಲ್ಲಿ ಈ ಎಸಿಪಿಐ ವಿಸ್ತರಣೆಗಳನ್ನು ಹೇಗಾದರೂ ವಿಂಡೋಸಿಗೇ ಸೀಮಿತಗೊಳಿಸಬಾರದೇ ಎಂದು ಆಲೋಚಿಸಿದ್ದುದು ಮುಂದೆ ಅಯೋವಾ ರಾಜ್ಯದ ಮೊಕದ್ದಮೆಯೊಂದರಲ್ಲಿ ಬೆಳಕಿಗೆ ಬಂತು. ಆಲೋಚನೆ ಕಾರ್ಯಕ್ಕೆ ಬಂದಿತೆಂದು ನಾನು ಹೇಳಲಾರೆ. ಆದರೆ ಬೇಲಿ ಯಾವ ಕಡೆಯಿಂದ ಏಳಬಹುದಾಗಿತ್ತೆಂಬುದನ್ನು ಅದು ತೋರಿಸುತ್ತದೆ. ಬಯೋಸಿಗೆ 'ನೀನು ಯಾರು?' ಎಂದು ಕೇಳುವ ಒಂದು ಸೌಕರ್ಯವೂ ಈ ಕಟ್ಟಳೆಯಲ್ಲಿದೆ. ನೀನು ಇಂಥ ವರ್ಷದ ವಿಂಡೋಸೇ ಎಂದು ಅದು ಕೇಳುತ್ತದೆ, ಲಿನಕ್ಸ್ ಹೌದೆನ್ನುತ್ತದೆ. ನೀನು ಲಿನಕ್ಸೇ ಎಂದು ಕೇಳಿದರೆ ಅಲ್ಲವೆನ್ನುತ್ತದೆ! ನಿಜ ಹೇಳಿದರೆ ಯಾರೂ ಪರೀಕ್ಷಿಸಿ ನೋಡದ ಹಾದಿಯಲ್ಲಿ ಕಡತ ಅದನ್ನು ನಡೆಸುತ್ತದೆ. ಆದ್ದರಿಂದ ಈ ಸುಳ್ಳು. ವಿರಾಟನ ಅರಮನೆಯಲ್ಲಿ ಬೃಹನ್ನಳೆಯಾಗಿದ್ದ ಅರ್ಜುನನಿಗಾದರೂ ಒಂದೇ ವರ್ಷದ ಅಜ್ಞಾತವಾಸ. ಲಿನಕ್ಸಿನದು ಇನ್ನೂ ಮುಗಿದಿಲ್ಲ.

ಇದು ಎಷ್ಟು ಸೂಕ್ಷ್ಮವೆಂಬುದಕ್ಕೆ ೨೦೧೧ರ ಒಂದು ಪ್ರಸಂಗವಿದೆ. ಆ ವರ್ಷ ಲಿನಕ್ಸಿನ ೨.೬.೩೮ ಆವೃತ್ತಿಗೆ ಏರಿದ ಅನೇಕರ ಲ್ಯಾಪ್‌ಟಾಪುಗಳು ಹೆಚ್ಚು ವಿದ್ಯುತ್ತು ತಿಂದು ಹೆಚ್ಚು ಕಾಯತೊಡಗಿದವು. ಚಿಪ್ಪುಗಳ ನಡುವಣ ದಾರಿಗಳು ಕೆಲಸವಿಲ್ಲದಾಗ ತೂಕಡಿಸಲು ಒಂದು ಏರ್ಪಾಡಿದೆ. ಕೆಲವು ಬಯೋಸುಗಳು ಅದನ್ನು ತಾವೇ ಚಾಲೂ ಮಾಡಿಟ್ಟು, ಕಡತದಲ್ಲಿ ಮಾತ್ರ 'ನಮ್ಮಲ್ಲಿ ಅದಿಲ್ಲ' ಎಂದು ಬರೆಯುತ್ತಿದ್ದವು. ಹೊಸ ಲಿನಕ್ಸ್ ಆ ಮಾತನ್ನು ನಂಬಿ ತೂಕಡಿಕೆಯನ್ನು ನಿಲ್ಲಿಸಿಬಿಟ್ಟಿತು. ವಿಂಡೋಸ್ ಹೀಗಿದ್ದಾಗ ಬಯೋಸ್ ಮಾಡಿಟ್ಟದ್ದನ್ನು ಮುಟ್ಟುವುದೇ ಇಲ್ಲವೆಂಬುದನ್ನು ಮ್ಯಾಥ್ಯೂ ಗ್ಯಾರೆಟ್ ಎಂಬ ಪರಿಣತರು ಆ ವರ್ಷದ ನವೆಂಬರಿನ ವೇಳೆಗೆ ಕಂಡುಕೊಂಡು ತಿದ್ದಿದರು. ತಿದ್ದುಪಡಿ ೨೦೧೨ರ ೩.೩ ಆವೃತ್ತಿಯಲ್ಲಿ ಬಂತು. ತಪ್ಪು ಯಾರದು? ಸುಳ್ಳು ಬರೆದವನದೋ, ನಂಬಿದವನದೋ? ನಾನಂತೂ ಬರೆದವನದೇ ಎನ್ನುತ್ತೇನೆ. ಆದರೆ ಬೆವರು ಸುರಿಸಿದವನು ಮೂರನೆಯವನು, ಯಂತ್ರದ ಒಡೆಯ.

ಇಷ್ಟು ತಿಳಿದ ಮೇಲೆ ನನ್ನ ಶಿಷ್ಯನಿಗೆ ಫೋನು ಮಾಡಿದೆ. ಅವನು ವೈದ್ಯನಂತೆ ಒಂದೊಂದಾಗಿ ಕೇಳಿದ. "ಮೊದಲ ಎರಡು ದಿನ ಕೂಗಿದರೆ ಹೆದರಬೇಡಿ ಸಾರ್, ಹೊಸ ವ್ಯವಸ್ಥೆ ನಿಮ್ಮ ಕಡತಗಳನ್ನೆಲ್ಲ ಓದಿ ಹುಡುಕುವುದಕ್ಕೆ ಪಟ್ಟಿ ಮಾಡಿಕೊಳ್ಳುತ್ತದೆ" ಎಂದ. ನನ್ನಲ್ಲಿ ಸ್ಕ್ಯಾನು ಮಾಡಿದ ಶಾಸನ ಸಂಪುಟಗಳೇ ರಾಶಿಯಿರುವುದರಿಂದ ಅದು ಇರಬಹುದೆನ್ನಿಸಿತು. ಆದರೆ ವಾರ ಕಳೆದಿತ್ತು. ಯಾವ ಕೆಲಸವೂ ನಡೆಯುತ್ತಿಲ್ಲವೆಂದು ತೆರೆಯ ಮೇಲಿನ ಪಟ್ಟಿ ಹೇಳುತ್ತಿತ್ತು. ಎರಡನೆಯದಾಗಿ ಹಿಂಬದಿಯ ಮುಚ್ಚಳವನ್ನು ಬಿಚ್ಚಿಸಿದ, ಈ ಸಲ ಬೇರೆ ಅಂಗಡಿಯಲ್ಲಿ. ಒಳಗೆ ಬಿಸಿಗಾಳಿ ಹೊರಡುವ ತಗಡಿನ ಹಲ್ಲುಗಳ ನಡುವೆ ಎಂಟು ವರ್ಷದ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಅದನ್ನು ತೆಗೆದು, ಚಿಪ್ಪಿಗೂ ತಾಮ್ರದ ಪಟ್ಟಿಗೂ ನಡುವೆ ಒಣಗಿಹೋಗಿದ್ದ ಪೇಸ್ಟನ್ನು ಬದಲಾಯಿಸಿದರು. ಅಂದಿನಿಂದ ಯಂತ್ರ ಆರಿಹೋಗುವುದು ನಿಂತಿತು. ಸೊಸೆ ಕಾಲಿಟ್ಟ ದಿನವೇ ಹಾಲು ಒಡೆದರೆ ದೂರು ಸೊಸೆಯ ಮೇಲೆ. ಹಾಗೆ ನಾನು ವರ್ಷಗಟ್ಟಲೆಯ ಧೂಳಿನ ಅಪರಾಧವನ್ನು ಪಾಪ, ಲಿನಕ್ಸಿನ ತಲೆಗೆ ಕಟ್ಟಿದ್ದೆ.

ಆದರೆ ಕೂಗು ನಿಂತಿರಲಿಲ್ಲ. ಚಿಪ್ಪು ೪೫ ಡಿಗ್ರಿಯಲ್ಲಿ ತಣ್ಣಗೆ ಕುಳಿತಿದ್ದರೂ ಫ್ಯಾನು ಪೂರ್ಣ ವೇಗದಲ್ಲಿ ತಿರುಗುತ್ತಿತ್ತು. ಇದು ಮಾತ್ರ ಶಾನುಭೋಗನ ಕಡತದ ದೋಷವೇ ಎಂದು ಶಿಷ್ಯ ತೀರ್ಮಾನಿಸಿದ. ನನ್ನ ಬಯೋಸ್ ಕೊಂಡ ದಿನದ್ದೇ ಆಗಿತ್ತು. ತಯಾರಕರು ಆಮೇಲೆ ಹೊಸದೊಂದನ್ನು ಹೊರಡಿಸಿ ಅದರ ಟಿಪ್ಪಣಿಯಲ್ಲಿ ಫ್ಯಾನಿನ ನಡವಳಿಕೆಯನ್ನು ಸರಿಪಡಿಸಿದೆ ಎಂದು ಒಂದೇ ಸಾಲು ಬರೆದಿದ್ದರು. ಅದನ್ನು ಹಾಕುವ ಹೊತ್ತಿನಲ್ಲಿ ನಡುವೆ ವಿದ್ಯುತ್ತು ಹೋದರೆ ಯಂತ್ರ ಮತ್ತೆ ಏಳದಿರಬಹುದೆಂದು ಅವನು ಎಚ್ಚರಿಸಿದ. ನಮ್ಮ ಬಡಾವಣೆಯ ವಿದ್ಯುತ್ತನ್ನು ಬಲ್ಲ ನಾನು ಬ್ಯಾಟರಿಯನ್ನು ತುಂಬಿಸಿ, ಗುರುಗಳ ಚೀಟಿಗಳ ಪ್ರತಿಯನ್ನು ಎರಡು ಕಡೆ ಬೇರೆ ಇಟ್ಟು, ಒಂದು ಭಾನುವಾರ ಬೆಳಗಿನ ಐದು ಗಂಟೆಗೆ ಕುಳಿತೆ. ತೆರೆ ಕಪ್ಪಾಯಿತು, ಫ್ಯಾನು ಒಮ್ಮೆ ಗಟ್ಟಿಯಾಗಿ ಕೂಗಿತು, ಆಮೇಲೆ ನಾಲ್ಕೈದು ನಿಮಿಷ ಬಿಳಿಯ ಗೆರೆಯೊಂದು ಎಡದಿಂದ ಬಲಕ್ಕೆ ತೆವಳಿತು. ಆ ನಾಲ್ಕೈದು ನಿಮಿಷ ನಾನು ಕುರ್ಚಿಯಿಂದ ಏಳಲಿಲ್ಲ.

ಯಂತ್ರ ಮತ್ತೆ ಎದ್ದಾಗ ಕೋಣೆಯಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಕಾಫಿ ತಂದ ನನ್ನ ಹೆಂಡತಿ, "ಕೆಟ್ಟುಹೋಯಿತೇ?" ಎಂದು ಕೇಳಿದಳು. ಚೀಟಿಗಳಲ್ಲಿ 'ವ'ಕಾರದ ಕೆಲಸ ಈಗ ನಡೆಯುತ್ತಿದೆ.